ಪ್ರೊಜೆಕ್ಟರ್ ಆನ್ ಮಾಡೋದು ಎಲ್ಲರಿಗೂ ಗೊತ್ತು, ಆಫ್ ಮಾಡೋದು?

ಕಳೆದ ವರ್ಷ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಬಂದಿದ್ದವರಿಗೆ ಆ ಸಂಜೆ ನೆನಪಿರುತ್ತೆ. ನಮ್ಮ ಜೊತೆಯವಳೊಬ್ಬಳು ಮೂರು ತಿಂಗಳು ಕೂತು ಒಂದು ಸಾಕ್ಷ್ಯಚಿತ್ರ ಮಾಡಿದ್ದಳು. ಹನ್ನೆರಡು ನಿಮಿಷದ್ದು, ಅವಳ ಊರಿನ ಕೈಮಗ್ಗಗಳ ಬಗ್ಗೆ. ಅದರಲ್ಲಿ ಮಾತಾಡಿದ್ದ ಅವಳ ಅಜ್ಜ ಮೊದಲನೇ ಸಾಲಿನಲ್ಲೇ ಕೂತಿದ್ದರು. ಪರದೆ ಮೇಲೆ ಲೋಗೋ ಬಂದಿತ್ತು. ಅಷ್ಟರಲ್ಲಿ ಅತಿಥಿಗಳು ಎರಡು ಮಾತಾಡಬೇಕು ಅಂತ ವೇದಿಕೆಗೆ ಬಂದರು. ಬೆಳಕು ಅವರ ಕಣ್ಣಿಗೆ ಹೊಡೀತಿದೆ ಅಂತ ನಮ್ಮಲ್ಲೊಬ್ಬರು ಓಡಿ ಹೋಗಿ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿಬಿಟ್ಟರು.

ಮೂರು ನಿಮಿಷ ಬಿಟ್ಟು ಸ್ವಿಚ್ ಹಾಕಿದರೆ ಪ್ರೊಜೆಕ್ಟರ್ ಹತ್ತಲಿಲ್ಲ. ಕೆಂಪು ದೀಪ ಮಿನುಗಿತು, ಅಷ್ಟೇ. ಗಾಬರಿಯಲ್ಲಿ ಆಫ್, ಆನ್, ಮತ್ತೆ ಆಫ್, ಮತ್ತೆ ಆನ್. ಕಾಲು ಗಂಟೆ ಆದಮೇಲೆ ಒಮ್ಮೆ ಹತ್ತಿ, ನಡುಗಿ, ‘ಟಪ್’ ಅಂತ ಸದ್ದಾಗಿ ಪೂರ್ತಿ ಕತ್ತಲಾಯ್ತು. ಬೇರೆ ಪ್ರೊಜೆಕ್ಟರ್ ತರುವಷ್ಟರಲ್ಲಿ ಅಜ್ಜನ ಕೊನೆ ಬಸ್ಸಿನ ಹೊತ್ತಾಗಿತ್ತು. ಅವರು ಚಿತ್ರ ನೋಡದೇ ಎದ್ದು ಹೋದರು. ಹೊಸ ಲ್ಯಾಂಪಿನ ದುಡ್ಡು ಸಂಘದ ಖಾತೆಯಿಂದ ಹೋಯಿತು. ಅದು ಹೋಗಲಿ, ಮುಖ್ಯ ಅದಲ್ಲ.

ನಾವು ಎಂಜಿನಿಯರಿಂಗ್ ಓದುವವರು. ಆದರೂ ದಿನಾ ಕ್ಲಾಸಿನಲ್ಲಿ ತಲೆ ಮೇಲೆ ಉರಿಯೋ ಆ ಪೆಟ್ಟಿಗೆಯ ಮ್ಯಾನುಯಲ್ಲನ್ನು ನಮ್ಮಲ್ಲಿ ಒಬ್ಬರೂ ಓದಿರಲಿಲ್ಲ. ಆಮೇಲೆ ಓದಿದೆವು. ನಮ್ಮ ಲ್ಯಾಬ್ ಅಟೆಂಡರ್ ಅಣ್ಣನ ಹತ್ತಿರ ಒಂದು ಶನಿವಾರ ಪೂರ್ತಿ ಕೂತು ಪಾಠ ಹೇಳಿಸಿಕೊಂಡೆವು. ಈ ಸಲ ಕಾರ್ಯಕ್ರಮ ನಡೆಸೋ ಜೂನಿಯರ್‌ಗಳಿಗಾಗಿ ಅದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇವೆ.

ಒಳಗೆ ಏನಿದೆ?

ಹೆಚ್ಚಿನ ಕಾಲೇಜುಗಳಲ್ಲಿ ಇನ್ನೂ ಇರೋದು ಲ್ಯಾಂಪ್ ಪ್ರೊಜೆಕ್ಟರ್. ಅದರೊಳಗೆ ದಪ್ಪ ಗಾಜಿನಂಥ ಕ್ವಾರ್ಟ್ಜ್‌ನ ಒಂದು ಪುಟ್ಟ ಬುರುಡೆ. ಅದರಲ್ಲಿ ಒಂಚೂರು ಪಾದರಸ, ಮತ್ತು ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಎರಡು ಎಲೆಕ್ಟ್ರೋಡ್‌ಗಳು. ಅವುಗಳ ನಡುವೆ ಆರ್ಕ್ ಹತ್ತಿ ಉರಿಯುತ್ತೆ. ಉರಿಯುವಾಗ ಪಾದರಸವೆಲ್ಲ ಆವಿಯಾಗಿ ಒಳಗಿನ ಒತ್ತಡ 200 ವಾತಾವರಣದ ಹತ್ತಿರ ಹೋಗುತ್ತೆ. ಕಾರಿನ ಟೈರಿನ ಒತ್ತಡ ಎರಡು ಚಿಲ್ಲರೆ. ಬುರುಡೆಯ ಗೋಡೆಯ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಇಷ್ಟನ್ನೂ ಹದ್ದುಬಸ್ತಿನಲ್ಲಿ ಇಡೋದು ಒಂದೆರಡು ಸಣ್ಣ ಫ್ಯಾನು.

ಇದು ಗೊತ್ತಾದರೆ ನಮ್ಮ ತಪ್ಪು ತಾನಾಗಿಯೇ ಅರ್ಥವಾಗುತ್ತೆ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಲ್ಯಾಂಪಿನ ಜೊತೆ ಫ್ಯಾನೂ ನಿಲ್ಲುತ್ತೆ. ಬಿಸಿ ಹೊರಗೆ ಹೋಗೋಕೆ ದಾರಿಯಿಲ್ಲದೆ ಒಳಗೇ ಉಳಿದು ಬುರುಡೆಯನ್ನೂ ಪಕ್ಕದ ಭಾಗಗಳನ್ನೂ ಸುಡುತ್ತೆ.

ಸರಿ, ಮತ್ತೆ ಹತ್ತಲಿಲ್ಲ ಯಾಕೆ? ಫಿಸಿಕ್ಸ್‌ನ ಪಾಶೆನ್ ನಿಯಮ ನೆನಪಿಸಿಕೊಳ್ಳಿ. ಅನಿಲದಲ್ಲಿ ಕಿಡಿ ಹಾರಲು ಎಷ್ಟು ವೋಲ್ಟೇಜ್ ಬೇಕು ಅನ್ನೋದು ಒತ್ತಡ ಮತ್ತು ಅಂತರದ ಗುಣಲಬ್ಧವನ್ನು ಅವಲಂಬಿಸಿದೆ. ಲ್ಯಾಂಪ್ ತಣ್ಣಗಿದ್ದಾಗ ಒತ್ತಡ ಕಡಿಮೆ, ಕೆಲವು ಸಾವಿರ ವೋಲ್ಟಿನ ಒಂದು ಪೆಟ್ಟಿಗೆ ಹತ್ತಿಬಿಡುತ್ತೆ. ಬಿಸಿಯಿದ್ದಾಗ ಒತ್ತಡ ಇನ್ನೂ ಏರಿಯೇ ಇರುತ್ತೆ, ಆ ಪೆಟ್ಟು ಸಾಕಾಗಲ್ಲ. ತಣ್ಣಗಾಗುವ ತನಕ ಕಾಯೋದೊಂದೇ ದಾರಿ. ನಾವು ಕಾಯಲಿಲ್ಲ, ಹೊಡೆದದ್ದೇ ಹೊಡೆದದ್ದು.

ಎಲ್ಲಿಡಬೇಕು?

ಮೊದಲು ಟೇಪ್ ಹಿಡಿದು ಪರದೆಯ ಅಗಲ ಅಳೆಯಿರಿ. ಮ್ಯಾನುಯಲ್‌ನಲ್ಲಿ ‘ಥ್ರೋ ರೇಶಿಯೋ’ ಅಂತ ಒಂದು ಅಂಕಿ ಇರುತ್ತೆ. ಪ್ರೊಜೆಕ್ಟರಿನ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರೋ ಅಂಕಿ ಅದು. ಅದು 1.5 ಇದ್ದು, ನಿಮಗೆ 2.2 ಮೀಟರ್ ಅಗಲದ ಚಿತ್ರ ಬೇಕಿದ್ದರೆ, 1.5 × 2.2 = 3.3 ಮೀಟರ್ ದೂರದಲ್ಲಿ ಲೆನ್ಸ್ ಇರಬೇಕು. ಈ ಒಂದು ಗುಣಾಕಾರ ಮಾಡಿಕೊಂಡರೆ ಜನ ಬಂದಮೇಲೆ ಟೇಬಲ್ ಎಳೆದಾಡೋದು ತಪ್ಪುತ್ತೆ.

ಪ್ರೊಜೆಕ್ಟರ್ ಪರದೆಗೆ ನೇರವಾಗಿ ಎದುರಿಗಿರಲಿ. ಮುಂದಿನ ಕಾಲಿನ ಕೆಳಗೆ ಮ್ಯಾಥ್ಸ್ ಪುಸ್ತಕ ಇಟ್ಟು ಮೂತಿ ಎತ್ತೋದು ನಮ್ಮೆಲ್ಲರ ಹಳೇ ಚಾಳಿ. ಹಾಗೆ ಮಾಡಿದರೆ ಚಿತ್ರದ ಮೇಲ್ಭಾಗ ಅಗಲವಾಗಿ, ಚೌಕ ಹೋಗಿ ಟ್ರೆಪೀಜಿಯಂ ಆಗುತ್ತೆ. ಅದನ್ನು ಸರಿ ಮಾಡೋಕೆ ‘ಕೀಸ್ಟೋನ್’ ಬಟನ್ ಇದೆಯಲ್ಲ ಅಂತೀರಿ. ಇದೆ. ಆದರೆ ಅದು ಬೆಳಕನ್ನು ತಿರುಗಿಸಲ್ಲ, ಚಿತ್ರವನ್ನೇ ಒಳಗೆ ಕುಗ್ಗಿಸಿ ಓರೆ ಮಾಡುತ್ತೆ. ಒಂದಷ್ಟು ಪಿಕ್ಸೆಲ್‌ಗಳು ಕೆಲಸಕ್ಕೆ ಬರದೆ ಹೋಗುತ್ತವೆ, ಅಕ್ಷರ ಮಸುಕಾಗುತ್ತೆ. ಹಾಗಾಗಿ ಮೊದಲು ಟೇಬಲಿನ ಎತ್ತರ ಸರಿಮಾಡಿ, ಆಮೇಲೂ ಸ್ವಲ್ಪ ಓರೆ ಉಳಿದರೆ ಮಾತ್ರ ಕೀಸ್ಟೋನ್. ಟೇಬಲ್ ಮೇಲಿಡುವ ಹಲವು ಮಾಡೆಲ್‌ಗಳು ಚಿತ್ರವನ್ನು ಲೆನ್ಸಿನ ಮಟ್ಟದಿಂದ ಮೇಲಕ್ಕೇ ಬಿಡುತ್ತವೆ. ಅಂಥದಕ್ಕೆ ಲೆನ್ಸ್ ಪರದೆಯ ಕೆಳ ಅಂಚಿನ ಮಟ್ಟದಲ್ಲಿದ್ದರೆ ಪುಸ್ತಕವೇ ಬೇಡ.

ಚಿತ್ರ ತಲೆಕೆಳಗಾಗಿ ಅಥವಾ ಕನ್ನಡಿಯಲ್ಲಿ ಕಂಡ ಹಾಗೆ ಬರ್ತಿದ್ದರೆ ಯಂತ್ರ ಕೆಟ್ಟಿಲ್ಲ. ಮೊದಲು ಬಳಸಿದ ಯಾರೋ ಮೆನುವಿನಲ್ಲಿ ‘ಸೀಲಿಂಗ್’ ಅಥವಾ ‘ರಿಯರ್’ ಅಂತ ಇಟ್ಟು ಹೋಗಿದ್ದಾರೆ. ‘ಫ್ರಂಟ್’ಗೆ ಬದಲಾಯಿಸಿ.

ಗಾಳಿ ಹೋಗುವ, ಬರುವ ಕಿಂಡಿಗಳ ಸುತ್ತ ಒಂದಡಿ ಜಾಗ ಖಾಲಿ ಬಿಡಿ. ಟೇಬಲಿಗೆ ಹಾಸಿದ ಬಟ್ಟೆ ಅಡಿಯ ಕಿಂಡಿಯನ್ನು ಮುಚ್ಚಬಾರದು. ಬಿಸಿಗಾಳಿ ಬರೋ ಕಡೆ ಲ್ಯಾಪ್‌ಟಾಪ್, ಹೂವಿನ ಬೊಕ್ಕೆ, ನೀರಿನ ಬಾಟಲಿ ಯಾವುದೂ ಬೇಡ.

ಕಪ್ಪು ಬಣ್ಣ ಎಲ್ಲಿಂದ ಬರುತ್ತೆ?

ಪ್ರೊಜೆಕ್ಟರ್ ಬೆಳಕನ್ನು ಮಾತ್ರ ಹಾಕಬಲ್ಲದು, ಕತ್ತಲನ್ನು ಹಾಕಲಾರದು. ಪರದೆ ಮೇಲಿನ ಕಪ್ಪು ಅಂದರೆ ಬೆಳಕು ಬೀಳದ ಜಾಗ, ಅಷ್ಟೇ. ಅಲ್ಲಿ ಟ್ಯೂಬ್‌ಲೈಟ್ ಬಿದ್ದರೆ ಅದೇ ನಿಮ್ಮ ಕಪ್ಪು.

ಲೆಕ್ಕ ನೋಡಿ. 3,000 ಲ್ಯೂಮೆನ್‌ನ ಪ್ರೊಜೆಕ್ಟರ್, 100 ಇಂಚಿನ 16:9 ಚಿತ್ರ. ಅಗಲ 2.21 ಮೀಟರ್, ಎತ್ತರ 1.25 ಮೀಟರ್, ವಿಸ್ತೀರ್ಣ ಸುಮಾರು 2.76 ಚದರ ಮೀಟರ್. ಭಾಗಿಸಿದರೆ 1,080 ಲಕ್ಸ್ ಚಿಲ್ಲರೆ. ಹಾಲ್‌ನ ಲೈಟುಗಳಿಂದ ಪರದೆಗೆ 200 ಲಕ್ಸ್ ಬೀಳ್ತಿದೆ ಅಂತಿಟ್ಟುಕೊಳ್ಳಿ. ಬಿಳಿ 1,280, ಕಪ್ಪು 200. ಅಂದರೆ ಬಿಳಿ ಕಪ್ಪಿಗಿಂತ ಆರು ಪಟ್ಟು ಚಿಲ್ಲರೆ ಮಾತ್ರ. ಪರದೆಯ ಮೇಲಿನ ಎರಡು ಸಾಲು ಲೈಟ್ ಆರಿಸಿ 20 ಲಕ್ಸ್‌ಗೆ ಇಳಿಸಿದರೆ ಅದೇ ಅನುಪಾತ 55 ಆಗುತ್ತೆ. ಯಂತ್ರ ಅದೇ, ಖರ್ಚು ಸೊನ್ನೆ. ಹಿಂದಿನ ಸಾಲಿನ ಲೈಟ್ ಇರಲಿ, ಜನ ಎಡವಬಾರದು.

ಚಿತ್ರ ದೊಡ್ಡದು ಮಾಡುವ ಆಸೆಗೂ ಇದೇ ಲೆಕ್ಕ. ಕರ್ಣ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು, ಹೊಳಪು ಕಾಲುಭಾಗ. ಲ್ಯಾಂಪ್ ಹಳೆಯದಾದ ಹಾಗೆ ಅದರ ಬೆಳಕೂ ಇಳಿಯುತ್ತೆ. ಮೆನುವಿನಲ್ಲಿ ‘ಲ್ಯಾಂಪ್ ಅವರ್ಸ್’ ನೋಡಿಕೊಳ್ಳಿ. ಇಂಥ ಲ್ಯಾಂಪುಗಳ ಆಯುಸ್ಸು ಸಾಮಾನ್ಯವಾಗಿ ಕೆಲವು ಸಾವಿರ ಗಂಟೆ.

ಕೇಬಲ್, ಕರೆಂಟ್, ಲ್ಯಾಪ್‌ಟಾಪ್

ಕೇಬಲ್ ಹಾಕಿದ ಮೇಲೆ ಪ್ರೊಜೆಕ್ಟರ್, ಅದಾದ ಮೇಲೆ ಲ್ಯಾಪ್‌ಟಾಪ್ ಆನ್ ಮಾಡಿ. ಚಿತ್ರ ಬರದಿದ್ದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಪ್ರೊಜೆಕ್ಟರಿನಲ್ಲಿ ಸರಿಯಾದ ‘ಸೋರ್ಸ್’ ಆರಿಸಿದ್ದೀವಾ? ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಡುಪ್ಲಿಕೇಟ್’ ಕೊಟ್ಟಿದ್ದೀವಾ? ಕೇಬಲ್ ಎರಡೂ ತುದಿಯಲ್ಲಿ ಗಟ್ಟಿಯಾಗಿ ಕೂತಿದೆಯಾ? ಹತ್ತರಲ್ಲಿ ಒಂಬತ್ತು ಸಲ ಉತ್ತರ ಇಷ್ಟರಲ್ಲೇ ಸಿಗುತ್ತೆ ಅನ್ನೋದು ನಮ್ಮ ಅನುಭವ. ಹೊಸ ಲ್ಯಾಪ್‌ಟಾಪ್‌ಗಳ ಟೈಪ್‌-ಸಿ ಪೋರ್ಟ್ ಎಲ್ಲವೂ ವಿಡಿಯೋ ಕೊಡಲ್ಲ, ಕೆಲವು ಬರೀ ಚಾರ್ಜಿಂಗ್ ಮತ್ತು ಡೇಟಾಗೆ. ಅಡಾಪ್ಟರ್ ಹಿಂದಿನ ದಿನವೇ ಹಾಕಿ ನೋಡಿ. ಸಾಮಾನ್ಯ ಎಚ್‌ಡಿಎಂಐ ಕೇಬಲ್ ಹತ್ತು ಹದಿನೈದು ಮೀಟರ್ ದಾಟಿದರೆ ಚಿತ್ರ ಕೈಕೊಡಬಹುದು.

ಪ್ರೊಜೆಕ್ಟರಿಗೆ ಬೇಕಾದ್ದು ಸುಮಾರು 300 ವ್ಯಾಟ್, ಅಂದರೆ 230 ವೋಲ್ಟಿನಲ್ಲಿ ಒಂದೂಕಾಲು ಆಂಪಿಯರ್ ಆಸುಪಾಸು. ಅದು ಹೆಚ್ಚೇನಲ್ಲ. ತೊಂದರೆ ಆಗೋದು ಅದೇ ಎಕ್ಸ್‌ಟೆನ್ಷನ್‌ಗೆ ಆಂಪ್ಲಿಫೈಯರ್, ಫೋಕಸ್ ಲೈಟ್, ಟೀ ಕೆಟಲ್ ಎಲ್ಲ ಸೇರಿಸಿದಾಗ. ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ತೆಗೆದು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸೋದಂತೂ ಬೇಡವೇ ಬೇಡ. ಒಳಗೆ ಲೋಪವಾದರೆ ಹೊರಗಿನ ಲೋಹದ ಭಾಗ ಮುಟ್ಟಿದವರಿಗೆ ಶಾಕ್ ಹೊಡೆಯದಂತೆ ಕಾಯೋದು ಅದೇ ಪಿನ್. ಲ್ಯಾಪ್‌ಟಾಪನ್ನೂ ಪ್ರೊಜೆಕ್ಟರನ್ನೂ ಒಂದೇ ಬೋರ್ಡಿಗೆ ಹಾಕಿ, ಸ್ಪೀಕರಿನಲ್ಲಿ ‘ಗುಂಯ್’ ಅನ್ನೋದೂ ಕಡಿಮೆಯಾಗಬಹುದು. ನೆಲದ ಮೇಲಿನ ಕೇಬಲನ್ನು ಗೋಡೆ ಬದಿಯಲ್ಲಿ ಎಳೆದು, ಉದ್ದಕ್ಕೂ ಟೇಪ್ ಅಂಟಿಸಿ. ಸೀರೆ, ಪಂಚೆ ಉಟ್ಟು ಓಡಾಡೋ ದಿನ ಅದು.

ಸಾಧ್ಯವಿದ್ದರೆ ಪ್ರೊಜೆಕ್ಟರನ್ನು ಯುಪಿಎಸ್‌ಗೆ ಹಾಕಿ. ಕರೆಂಟ್ ಹೋದಾಗ ಜನರೇಟರ್ ಬರುವ ತನಕ ಸಿನಿಮಾ ನಡೆಯಲಿ ಅಂತಲ್ಲ, ಫ್ಯಾನ್ ಎರಡು ನಿಮಿಷ ತಿರುಗಲಿ ಅಂತ.

ಕನ್ನಡ ಸ್ಲೈಡಿನ ಎರಡು ಮಾತು

ಇದು ನಮ್ಮ ಸಂಘಕ್ಕೆ ಮಾತ್ರ ಬರೋ ಕಷ್ಟ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆಯಾಗುತ್ತೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಜೊತೆಗೆ ಒಂದು ಪಿಡಿಎಫ್ ಪ್ರತಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ನಮ್ಮ ಹಳೇ ಪ್ರೊಜೆಕ್ಟರ್‌ಗಳ ರೆಸಲ್ಯೂಶನ್ 1024 × 768. ಅದರಲ್ಲಿ ಸಣ್ಣ ಅಕ್ಷರ ಹಾಕಿದರೆ ಒತ್ತಕ್ಷರ ಕರಗಿಹೋಗುತ್ತೆ. ‘ಸ್ವಾತಂತ್ರ್ಯ’ ಅನ್ನೋ ಪದವನ್ನು ಹಾಲ್‌ನ ಕೊನೇ ಬೆಂಚಿನಿಂದ ಓದಿ ನೋಡಿ. 28 ಪಾಯಿಂಟಿಗಿಂತ ಕೆಳಗೆ ಹೋಗಬೇಡಿ. ಸಾಲುಗಳ ನಡುವೆ ಜಾಗವನ್ನೂ ಕೊಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು.

ನಡೆಯುವಾಗ

ಉರಿಯುತ್ತಿರೋ ಲೆನ್ಸನ್ನು ಇಣುಕಿ ನೋಡಬೇಡಿ, ಚಿಕ್ಕ ಮಕ್ಕಳು ಬಂದಿದ್ದರೆ ಹತ್ತಿರ ಬಿಡಬೇಡಿ. ಅದು ಬರೀ ಬಿಳಿ ಬೆಳಕು ಅಂತ ಅನ್ನಿಸಿದರೂ ಕಣ್ಣಿಗೆ ಪೆಟ್ಟು ಮಾಡುವಷ್ಟು ಜೋರು. ಲೇಸರ್ ಪ್ರೊಜೆಕ್ಟರಿಗೂ ಇದೇ ಮಾತು.

ಮಧ್ಯೆ ಯಾರಾದರೂ ಮಾತಾಡಲು ಎದ್ದರೆ? ನಾವು ಎಡವಿದ್ದು ಇಲ್ಲೇ. ಲೆನ್ಸಿಗೆ ಪುಸ್ತಕ, ರಟ್ಟು, ಮುಚ್ಚಳ ಅಡ್ಡ ಹಿಡಿಯಬೇಡಿ, ಹತ್ತಿರದಿಂದ ಅಷ್ಟು ಬೆಳಕು ಬಿದ್ದರೆ ಅದು ಬಿಸಿಯಾಗಿ ಕರಗಬಹುದು, ಸುಡಬಹುದು. ರಿಮೋಟಿನಲ್ಲಿ ‘ಬ್ಲ್ಯಾಂಕ್’ ಅಥವಾ ‘ಎವಿ ಮ್ಯೂಟ್’ ಬಟನ್ ಇರುತ್ತೆ, ಅದನ್ನು ಒತ್ತಿ. ರಿಮೋಟ್ ಕಳೆದುಹೋಗಿದೆಯಾ? ಪವರ್‌ಪಾಯಿಂಟ್ ಸ್ಲೈಡ್‌ ಶೋ ನಡೀತಿದ್ದರೆ ಕೀಬೋರ್ಡಿನ ‘ಬಿ’ ಒತ್ತಿ, ಪರದೆ ಕಪ್ಪಾಗುತ್ತೆ. ಮತ್ತೆ ಒತ್ತಿದರೆ ವಾಪಸ್. ಆ ಸಂಜೆ ನಮಗೆ ಬೇಕಾಗಿದ್ದದ್ದು ಈ ಒಂದು ಬಟನ್ ಮಾತ್ರ.

ಲ್ಯಾಂಪ್ ಒಡೆದರೆ ಪ್ಲಗ್ ತೆಗೆದು, ಕಿಟಕಿ ಬಾಗಿಲು ತೆರೆದು, ಜನರನ್ನು ಹೊರಗೆ ಕಳಿಸಿ. ಒಳಗೆ ಪಾದರಸದ ಆವಿ ಇತ್ತು ಅನ್ನೋದು ನೆನಪಿರಲಿ. ಮುಚ್ಚಳ ಬಿಚ್ಚಿ ನೋಡೋ ಕುತೂಹಲ ಬೇಡ. ಲ್ಯಾಂಪ್ ಬದಲಿಸೋದು ಕನಿಷ್ಠ ಒಂದು ಗಂಟೆ ತಣ್ಣಗಾದ ಮೇಲೆ, ಅದೂ ಗೊತ್ತಿದ್ದವರ ಕೈಯಲ್ಲಿ. ಹಳೇ ಲ್ಯಾಂಪ್ ಕಸದ ಬುಟ್ಟಿಗಲ್ಲ, ಇ-ತ್ಯಾಜ್ಯಕ್ಕೆ.

ಕೊನೆಗೆ, ಆಫ್ ಮಾಡೋದು

1. ಪ್ರೊಜೆಕ್ಟರಿನ ಅಥವಾ ರಿಮೋಟಿನ ಪವರ್ ಬಟನ್ ಒಮ್ಮೆ ಒತ್ತಿ. ‘ಆಫ್ ಮಾಡಬೇಕೇ?’ ಅಂತ ಕೇಳುತ್ತೆ. ಇನ್ನೊಮ್ಮೆ ಒತ್ತಿ.
2. ಬೆಳಕು ಆರುತ್ತೆ, ಫ್ಯಾನ್ ತಿರುಗುತ್ತಲೇ ಇರುತ್ತೆ. ಒಂದೆರಡು ನಿಮಿಷ ಏನನ್ನೂ ಮುಟ್ಟಬೇಡಿ.
3. ಫ್ಯಾನ್ ನಿಂತು, ದೀಪ ಮಿನುಗೋದು ನಿಂತಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ.
4. ಕೈಗೆ ಬೆಚ್ಚಗೆ ತಾಗದಷ್ಟು ತಣ್ಣಗಾದಮೇಲೆ ಬ್ಯಾಗಿಗೆ ಹಾಕಿ.
5. ಧೂಳಿನ ಫಿಲ್ಟರ್ ಇದ್ದರೆ ತಿಂಗಳಿಗೊಮ್ಮೆ ನೋಡಿ. ಧೂಳು ಕಟ್ಟಿದ ಫಿಲ್ಟರ್ ಅಂದರೆ ಫ್ಯಾನಿನ ಮೂಗಿಗೆ ಬಟ್ಟೆ ಕಟ್ಟಿದ ಹಾಗೆ.

ಕೆಲವು ಹೊಸ ಮಾಡೆಲ್‌ಗಳನ್ನು ನೇರ ಆಫ್ ಮಾಡಿದರೂ ನಡೆಯುತ್ತೆ. ಹಾಗಂತ ಮ್ಯಾನುಯಲ್‌ನಲ್ಲಿ ಬರೆದಿದ್ದರೆ ಸರಿ, ಇಲ್ಲದಿದ್ದರೆ ಆ ಎರಡು ನಿಮಿಷ ಕಾಯಿರಿ. ಕಾರ್ಯಕ್ರಮ ಮುಗಿದಾಗ ಎಲ್ಲರಿಗೂ ಫೋಟೋ, ಊಟ, ಹಾಸ್ಟೆಲ್ ಗೇಟಿನ ಟೈಮು. ಆ ಎರಡು ನಿಮಿಷ ಪ್ರೊಜೆಕ್ಟರ್ ಪಕ್ಕ ನಿಲ್ಲೋಕೆ ಒಬ್ಬರನ್ನು ಮೊದಲೇ ಗೊತ್ತು ಮಾಡಿ, ಹೆಸರನ್ನು ಕಾರ್ಯಕ್ರಮ ಪಟ್ಟಿಯಲ್ಲೇ ಬರೆಯಿರಿ.

ಈ ಸಲದ ಪಟ್ಟಿ ಸಿದ್ಧವಾಗಿದೆ. ಸ್ವಾಗತ, ಭಾಷಣ, ಡೊಳ್ಳು ಎಲ್ಲಕ್ಕಿಂತ ಮೊದಲು ಕೈಮಗ್ಗದ ಸಾಕ್ಷ್ಯಚಿತ್ರ. ಅಜ್ಜನಿಗೆ ಫೋನ್ ಮಾಡಿ ಕೇಳಿದೆವು, ಬರ್ತೀನಿ ಅಂದರು. ‘ದೀಪ ಹತ್ತುತ್ತೆ ತಾನೇ?’ ಅಂತಲೂ ಕೇಳಿದರು. ಹತ್ತುತ್ತೆ ಅಜ್ಜ, ಈ ಸಲ ನಾವು ಮ್ಯಾನುಯಲ್ ಓದಿದ್ದೀವಿ.