ಬೆಳೆನಷ್ಟದ ದೂರೂ ಬ್ರೌಸರಿನ ಹೊಂದಾಣಿಕೆಯೂ

ಹೂವಿನಹಡಗಲಿ ತಾಲ್ಲೂಕು ತುಂಗಭದ್ರೆಯ ದಂಡೆಯ ಮೇಲಿದ್ದರೂ ಇಲ್ಲಿಯ ರೈತರಲ್ಲಿ ಅನೇಕರು ಮಳೆಯನ್ನೇ ನಂಬಿ ಮೆಕ್ಕೆಜೋಳ, ಈರುಳ್ಳಿ, ಶೇಂಗಾಗಳನ್ನು ಬೆಳೆಯುವವರು. ಆದಕಾರಣ ಬೆಳೆವಿಮೆಯು ಇವರಿಗೆ ಸಣ್ಣ ವಿಷಯವಲ್ಲ. 2016ನೆಯ ಇಸವಿಯ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಪ್ರಕಾರ, ಆಲಿಕಲ್ಲು, ಮೇಘಸ್ಫೋಟ ಮೊದಲಾದ ಸ್ಥಳೀಯ ವಿಪತ್ತಿನಿಂದ ವಿಮೆಯುಳ್ಳ ಬೆಳೆಯು ಕೆಟ್ಟರೆ 72 ಗಂಟೆಗಳೊಳಗಾಗಿ ತಿಳಿಸತಕ್ಕದ್ದು. ಇಂಥ ದೂರುಗಳಿಗಾಗಿ 2024ನೆಯ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರದವರು ಕೃಷಿ ರಕ್ಷಕ್ ಪೋರ್ಟಲನ್ನೂ 14447 ಎಂಬ ಸಹಾಯವಾಣಿಯನ್ನೂ ದೇಶಕ್ಕೆಲ್ಲ ತೆರೆದರು. ಕಛೇರಿಯ ಮೆಟ್ಟಿಲು ಹತ್ತದೆ ಜಾಲಪುಟದಲ್ಲಿಯೇ ದೂರು ಬರೆಯುವ ಅನುಕೂಲವು ಹೀಗೆ ಉಂಟಾಗಿದೆ. ಆದರೆ ಜಾಲಪುಟವೆಂಬುದು ಎಲ್ಲ ಯಂತ್ರಗಳಲ್ಲಿಯೂ ಒಂದೇ ರೀತಿಯಾಗಿ ನಡೆಯುವುದಿಲ್ಲವೆಂಬುದನ್ನು ಗ್ರಾಮದ ಮುಖಂಡರು ಮುಂಚಿತವಾಗಿಯೇ ಅರಿತಿರುವುದು ಒಳ್ಳೆಯದು. 72 ಗಂಟೆಗಳು ಪುಟ ತೆರೆಯಲಿಲ್ಲವೆಂದು ನಿಲ್ಲುವುವಲ್ಲ.

ಜಾಲಪುಟವು ಅಚ್ಚಾದ ಕಾಗದದಂತೆ ಸಿದ್ಧವಾಗಿ ಬರುವ ವಸ್ತುವಲ್ಲ. ದೂರದ ಯಂತ್ರದಿಂದ ಬರುವುದು ಕೇವಲ ಆಜ್ಞೆಗಳ ಪಟ್ಟಿ. ಅದನ್ನು ಓದಿ ಪುಟವಾಗಿ ಕಟ್ಟುವುದು ಬ್ರೌಸರಿನ ಕೆಲಸ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಂಬ ಬ್ರೌಸರುಗಳನ್ನು ಬೇರೆ ಬೇರೆ ಸಂಸ್ಥೆಯವರು ಮಾಡಿರುವರು. ಕೆಲವು ಆಜ್ಞೆಗಳನ್ನು ಒಂದೊಂದೂ ಒಂದೊಂದು ಬಗೆಯಾಗಿ ತಿಳಿಯುವುದುಂಟು. ಕೂರಿಗೆಯ ತಾಳುಗಳ ಅಂತರಕ್ಕೂ ಎಡೆಕುಂಟೆಯ ಅಂತರಕ್ಕೂ ಹೊಂದಿಕೆಯಿಲ್ಲದಿದ್ದರೆ ಏನಾಗುವುದೆಂದು ಒಕ್ಕಲಿಗನಿಗೆ ಹೇಳಬೇಕಾಗಿಲ್ಲ: ಕಳೆಯ ಬದಲು ಪೈರೇ ಕೊಯ್ದುಹೋಗುತ್ತದೆ. ಕೂರಿಗೆಯೂ ಕೆಟ್ಟದ್ದಲ್ಲ, ಕುಂಟೆಯೂ ಕೆಟ್ಟದ್ದಲ್ಲ. ಒಂದು ಬ್ರೌಸರಿನಲ್ಲಿ ಮಾತ್ರ ಪರೀಕ್ಷಿಸಿದ ಪುಟವನ್ನು ಇನ್ನೊಂದರಲ್ಲಿ ತೆರೆದಾಗಲೂ ಹೀಗೆಯೇ ಆಗುವುದು.

ಈ ತೊಂದರೆಯು ಹೊಸತಲ್ಲ. ಯುನಿಕೋಡ್ ಅಕ್ಷರಕ್ರಮದಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರುವುದು ಬಹಳ ತಡವಾಯಿತು. ಅಲ್ಲಿಯವರೆಗೆ ಕನ್ನಡ ಪುಟಗಳು ತಮ್ಮ ಫಾಂಟನ್ನು ತಾವೇ ಹೊತ್ತು ಬರುತ್ತಿದ್ದುವು. ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಸಿದ್ಧಪಡಿಸಿದ ಫಾಂಟು ನೆಟ್‌ಸ್ಕೇಪಿಗೆ ಸಲ್ಲುತ್ತಿರಲಿಲ್ಲ. ಎಕ್ಸ್‌ಪ್ಲೋರರಿನಲ್ಲಿ ಸೊಗಸಾದ ಕನ್ನಡವಾಗಿ ಕಂಡದ್ದು ಮತ್ತೊಂದರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತಿತ್ತು. (ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ ಬಂದ ಯುನಿಕೋಡ್ ಕನ್ನಡ ಫಾಂಟಿನ ಹೆಸರು ತುಂಗಾ ಎಂಬುದು ಈ ಸೀಮೆಯವರಿಗೆ ಸಂತೋಷದ ಸಂಗತಿ.) ಎಕ್ಸ್‌ಪ್ಲೋರರಿನ ಕಾಲವೂ ಮುಗಿಯಿತು, ಅದನ್ನು ಮಾಡಿದ ಮೈಕ್ರೋಸಾಫ್ಟ್ ಸಂಸ್ಥೆಯವರು 2022ನೆಯ ಜೂನ್ 15ರಂದು ಅದಕ್ಕೆ ವಿದಾಯ ಹೇಳಿದರು. ಅದನ್ನೇ ನಂಬಿ ಕಟ್ಟಿದ ಹಳೆಯ ಪುಟಗಳು ಎಲ್ಲಿಯಾದರೂ ಉಳಿದಿದ್ದರೆ ಹೊಸ ಬ್ರೌಸರಿನಲ್ಲಿ ಗುಂಡಿ ಒತ್ತಿದರೂ ಸುಮ್ಮನಿರುವುದು ಆಶ್ಚರ್ಯವಲ್ಲ.

ಪುಟವು ತೆರೆಯದಿದ್ದರೆ ತೊಂದರೆ ಕಣ್ಣಿಗೆ ಕಾಣುತ್ತದೆ. ತೆರೆದು, ಅರ್ಜಿಯನ್ನು ತುಂಬಿಸಿಕೊಂಡು, ತಪ್ಪಾಗಿ ಬರೆದುಕೊಂಡರೆ ಅದೇ ಹೆಚ್ಚಿನ ಅಪಾಯ. ತಾರೀಖಿನ ಅಂಕಣವನ್ನು ನೋಡಬಹುದು. ತಾರೀಖನ್ನು ಆರಿಸಿಕೊಳ್ಳಲು ಸಣ್ಣ ಪಂಚಾಂಗವನ್ನು ತೋರಿಸುವ ಆಜ್ಞೆಯೊಂದುಂಟು. ಫೈರ್‌ಫಾಕ್ಸ್ ಇದನ್ನು 2017ರಲ್ಲಿಯೂ, ಕಂಪ್ಯೂಟರಿನ ಸಫಾರಿ 2021ರಲ್ಲಿಯೂ ಕಲಿತುವು. ಎಕ್ಸ್‌ಪ್ಲೋರರ್ ಕೊನೆಯವರೆಗೂ ಕಲಿಯಲಿಲ್ಲ. ಅರಿಯದ ಬ್ರೌಸರು ಬರಿಯ ಖಾಲಿ ಅಂಕಣವನ್ನು ತೋರಿಸುವುದರಿಂದ ರೈತನು ತಾನೇ ಅಂಕೆಗಳನ್ನು ಬರೆಯಬೇಕಾಗುತ್ತದೆ. ಆಗಸ್ಟ್ 7ರಂದು ಬೆಳೆ ಕೆಟ್ಟಿತೆಂದು 07/08 ಎಂದು ಬರೆದರೆ, ಅಮೆರಿಕದ ಕ್ರಮವನ್ನು ಅನುಸರಿಸುವ ಪುಟವು ಅದನ್ನು ಜುಲೈ 8 ಎಂದು ಓದಬಹುದು. ಆಗ ಮರುದಿನವೇ ದೂರಿತ್ತವನೂ ಒಂದು ತಿಂಗಳು ತಡಮಾಡಿದವನಾಗುತ್ತಾನೆ. ವಿಚಿತ್ರವೇನೆಂದರೆ ತಿಂಗಳ 12ರವರೆಗೆ ಈ ತಪ್ಪು ಹೊರಬೀಳುವುದೇ ಇಲ್ಲ; 13ನೆಯ ತಾರೀಖಿನಿಂದ, ಹದಿಮೂರನೆಯ ತಿಂಗಳಿಲ್ಲವಾದಕಾರಣ, ಅರ್ಜಿಯು ಮುಂದೆ ಸಾಗದೆ ನಿಲ್ಲುತ್ತದೆ. ಹೀಗೆ ನಿಂತುಹೋಗುವುದೇ ವಾಸಿ. ಆದ್ದರಿಂದ ಸಲ್ಲಿಸುವ ಮೊದಲು ಪುಟವು ಮರಳಿ ತೋರಿಸುವ ತಾರೀಖಿನಲ್ಲಿ ತಿಂಗಳ ಹೆಸರನ್ನು ಓದಿ ನೋಡತಕ್ಕದ್ದು.

ಪಂಚಾಯತಿಯಲ್ಲಾಗಲಿ ಮನೆಯಲ್ಲಾಗಲಿ ವಿಂಡೋಸ್ 7ರ ಹಳೆಯ ಯಂತ್ರವಿದ್ದರೆ, 2023ರ ಜನವರಿಯಲ್ಲಿ ಬಂದ 109ನೆಯ ಆವೃತ್ತಿಯೇ ಅದಕ್ಕೆ ಕಡೆಯ ಕ್ರೋಮ್ ಎಂಬುದನ್ನು ನೆನಪಿಡಬೇಕು. ಯಂತ್ರದ ಗಡಿಯಾರದಲ್ಲಿ ತಾರೀಖು ತಪ್ಪಿದ್ದರೂ ಸುರಕ್ಷಿತವಾದ ಪುಟವನ್ನೇ ಬ್ರೌಸರು ಅಪಾಯವೆಂದು ತಡೆಯುತ್ತದೆ. ಇದನ್ನು ಸರಿಪಡಿಸಲು ಒಂದು ನಿಮಿಷ ಸಾಕು. ಕೆಲವು ಆ್ಯಪುಗಳು ಕೊಂಡಿಯನ್ನು ತಮ್ಮೊಳಗಿನ ಕಿರು ಬ್ರೌಸರಿನಲ್ಲಿಯೇ ತೆರೆಯುತ್ತವೆ. ಅಲ್ಲಿ ಹೊಲದ ಚಿತ್ರವನ್ನು ಸೇರಿಸಲಾಗದಿದ್ದರೆ ಅದೇ ವಿಳಾಸವನ್ನು ಕ್ರೋಮಿನಲ್ಲಿ ತೆರೆದು ನೋಡುವುದು. ಒಂದು ಬ್ರೌಸರಿನಲ್ಲಿ ಆಗದ್ದು ಮತ್ತೊಂದರಲ್ಲಿ ಆದರೆ ದೋಷವು ಹೊಂದಾಣಿಕೆಯದು. ಎರಡರಲ್ಲಿಯೂ, ಬೇರೆ ಫೋನಿನಲ್ಲಿಯೂ ಆಗದಿದ್ದರೆ ದೋಷವು ಬಹುಶಃ ಆ ಕಡೆಯ ಯಂತ್ರದ್ದು. ಆಗ ಮೇಲಿಂದ ಮೇಲೆ ಗುಂಡಿ ಒತ್ತುತ್ತ ಕೂಡುವುದರಿಂದ ಪ್ರಯೋಜನವಿಲ್ಲ.

ಏನೇ ಆಗಲಿ, ದೂರಿನ ಸಂಖ್ಯೆಯು ಕೈಗೆ ಬರುವವರೆಗೆ ದೂರು ಸಲ್ಲಿತೆಂದು ಎಣಿಸಕೂಡದು. ಎರಡು ಬ್ರೌಸರುಗಳಲ್ಲಿ ಪ್ರಯತ್ನಿಸಿಯೂ ಸಂಖ್ಯೆ ಬಾರದಿದ್ದರೆ ಕೂಡಲೇ 14447ಕ್ಕೆ ಫೋನು ಮಾಡಿ ಅಲ್ಲಿಯೇ ಸಂಖ್ಯೆಯನ್ನು ಪಡೆಯುವುದು. ಬ್ಯಾಂಕಿಗೂ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೂ ಬರವಣಿಗೆಯಲ್ಲಿ ತಿಳಿಸಿ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳುವುದು. ಪುಟದ ದೋಷವನ್ನು ಸಹಾಯಕೇಂದ್ರದವರಿಗೆ ಹೇಳುವಾಗ "ಪುಟ ನಡೆಯುವುದಿಲ್ಲ" ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯದು. ಬ್ರೌಸರಿನ ಹೆಸರು, ಅದರ ಆವೃತ್ತಿಯ ಅಂಕೆ, ಫೋನೋ ಕಂಪ್ಯೂಟರೋ ಎಂಬುದು, ಯಾವ ಗುಂಡಿಯನ್ನು ಒತ್ತಿದಾಗ ಯಾವ ಮಾತು ತೋರಿತೆಂಬುದು, ದಿನ ಮತ್ತು ವೇಳೆ, ಇವನ್ನು ಪರದೆಯ ಚಿತ್ರದೊಡನೆ ಕಳುಹಿಸತಕ್ಕದ್ದು. ಆ ಚಿತ್ರದಲ್ಲಿ ಗಡಿಯಾರವೂ ಕಾಣುವಂತಿದ್ದರೆ, ಅವಧಿಯೊಳಗೆ ಪ್ರಯತ್ನಿಸಿದ್ದಕ್ಕೆ ಅದೊಂದು ದಾಖಲೆಯೂ ಆಗುತ್ತದೆ.