ಎದೆಹಾಲು ದಾನಕ್ಕೆ ಸರಿಯಾದ ದಾರಿ

ದಿನ ತುಂಬದೆ ಹುಟ್ಟಿದ ಕೂಸಿಗೆ ಎದೆಹಾಲು ಹೊಟ್ಟೆ ತುಂಬಿಸುವ ಆಹಾರ ಮಾತ್ರವಲ್ಲ, ಔಷಧವೂ ಹೌದು. 32 ವಾರಕ್ಕೂ ಮುಂಚೆ ಹುಟ್ಟಿದ, ಒಂದೂವರೆ ಕಿಲೋ ಕೂಡ ತೂಗದ ಮಗುವಿನ ಕರುಳು ತೀರಾ ಎಳಸಾಗಿರುತ್ತದೆ. ಹಸುವಿನ ಹಾಲಿನಿಂದ ತಯಾರಾದ ಪುಡಿಹಾಲು ಕುಡಿಸಿದರೆ ಇಂಥ ಕರುಳು ಊದಿಕೊಂಡು ಕೊಳೆಯುವ ಅಪಾಯ ಹೆಚ್ಚು. ವೈದ್ಯರು ಎನ್‌ಇಸಿ ಎಂದು ಕರೆಯುವ ಈ ಕಾಯಿಲೆ, ದಾನಿಗಳ ಎದೆಹಾಲು ಕುಡಿದವರಿಗಿಂತ ಪುಡಿಹಾಲು ಕುಡಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕಾಣಿಸಿಕೊಳ್ಳುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ವಿಮರ್ಶೆಯ ನಿರ್ಣಯ. ಪುಡಿಹಾಲು ಕುಡಿದ ಮಕ್ಕಳ ತೂಕ ಬೇಗ ಏರುತ್ತದೆ ಎಂದೂ ಅದೇ ವಿಮರ್ಶೆ ಹೇಳಿದೆ, ಇದನ್ನು ಮುಚ್ಚಿಡಬೇಕಾಗಿಲ್ಲ. ತೂಕ ನಿಧಾನವಾದರೆ ಎದೆಹಾಲಿಗೆ ಪೋಷಕಾಂಶ ಬೆರೆಸಿ ಸರಿದೂಗಿಸಬಹುದು. ಕರುಳೇ ಕೊಳೆತರೆ ಅನೇಕ ಸಲ ಕತ್ತರಿಸಿ ತೆಗೆಯದೆ ಗತಿಯಿಲ್ಲ, ಎಷ್ಟೋ ಕೂಸುಗಳು ಉಳಿಯುವುದೂ ಇಲ್ಲ. ಹೆತ್ತ ತಾಯಿಯ ಹಾಲಿಗೇ ಯಾವಾಗಲೂ ಮೊದಲ ಸ್ಥಾನ. ಆದರೆ ಬಿ.ಪಿ. ಏರಿ ಐಸಿಯುನಲ್ಲಿರುವ ತಾಯಿಗೆ, ಅವಧಿಗೆ ಮುಂಚೆ ಸಿಸೇರಿಯನ್ ಆದವಳಿಗೆ ಹಾಲಿಳಿಯಲು ಕೆಲವು ದಿನ ಬೇಕಾಗಬಹುದು. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮುಂಚೆ ಹುಟ್ಟಿದರು ಎಂಬ ಅಂದಾಜಿದೆ. ಹೆತ್ತವಳಿಗೆ ಹಾಲಿಳಿಯುವವರೆಗಿನ ದಿನಗಳನ್ನು ದಾಟಿಸಲು ಇನ್ನೊಬ್ಬ ತಾಯಿಯ ಹಾಲು ಬೇಕು.

ಔಷಧವೆಂದ ಮೇಲೆ ಅದು ಕೈಯಿಂದ ಕೈಗೆ ಹೋಗಬಾರದು. ಈ ಲೇಖನದ ಮುಖ್ಯ ಮಾತು ಇದೇ. ಒಳ್ಳೆಯ ಮನಸ್ಸಿನಿಂದಲೇ ಕೆಲವರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೇಳಿದವರಿಗೆ ಹಾಲು ಕಳಿಸುತ್ತಾರೆ. ಕೊಟ್ಟವರ ರಕ್ತ ಪರೀಕ್ಷೆಯಾಗಿದೆಯೇ, ಹಾಲು ದಾರಿಯಲ್ಲಿ ಎಷ್ಟು ಹೊತ್ತು ಬಿಸಿಲಲ್ಲಿತ್ತು ಎಂಬುದು ಕುಡಿಸುವವರಿಗೆ ತಿಳಿಯುವುದಿಲ್ಲ. ತುಂಬು ತಿಂಗಳಿಗೆ ಹುಟ್ಟಿದ ಗಟ್ಟಿ ಮಗು ತಡೆದುಕೊಳ್ಳಬಹುದಾದ ಸೋಂಕು ಒಂದು ಕಿಲೋ ತೂಕದ ಕೂಸನ್ನು ಒಂದೇ ದಿನದಲ್ಲಿ ಮಲಗಿಸಿಬಿಡಬಹುದು. ಹಣಕ್ಕೆ ಮಾರುವುದಂತೂ ಸಲ್ಲದು: ಮಾನವ ಹಾಲನ್ನು ಸಂಸ್ಕರಿಸಿ ಮಾರಲು ಕಾನೂನಿನಲ್ಲಿ ಅನುಮತಿಯಿಲ್ಲವೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಎಚ್ಚರಿಸಿದೆ. ಉಳಿಯುವ ದಾರಿ ಎದೆಹಾಲಿನ ಬ್ಯಾಂಕ್. ಏಷ್ಯಾದ ಮೊದಲ ಇಂಥ ಬ್ಯಾಂಕನ್ನು ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಶುರುಮಾಡಿದರು. ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ಮಾರ್ಗಸೂಚಿ ಹೊರಡಿಸಿತು. ನಮ್ಮಲ್ಲಿ ಬೆಂಗಳೂರಿನ ವಾಣಿವಿಲಾಸ ಮತ್ತು ಮಂಗಳೂರಿನ ಲೇಡಿ ಗೋಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ 2022ರಲ್ಲಿ ಬ್ಯಾಂಕುಗಳು ತೆರೆದವು.

ಮೊದಲ ಹೆಜ್ಜೆ ಹೆರಿಗೆಯಾದ ಆಸ್ಪತ್ರೆಯಲ್ಲೇ ಇಡಬಹುದು. ಡಿಸ್ಚಾರ್ಜ್ ಆಗುವ ಮುಂಚೆ ಮಕ್ಕಳ ವೈದ್ಯರನ್ನೋ ನರ್ಸನ್ನೋ ಕೇಳಿ. ಅಲ್ಲಿ ಬ್ಯಾಂಕ್ ಇಲ್ಲದಿದ್ದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ದೊಡ್ಡ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ನಿಮ್ಮ ಆರೋಗ್ಯ, ತೆಗೆದುಕೊಳ್ಳುತ್ತಿರುವ ಮಾತ್ರೆ, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದೀರಾ ಎಂಬುದನ್ನೆಲ್ಲ ಕೇಳುತ್ತಾರೆ. ಬೀಡಿ ಸಿಗರೇಟು ಮಾತ್ರವಲ್ಲ, ಎಲೆಅಡಿಕೆಯ ಜೊತೆ ಹಾಕಿಕೊಳ್ಳುವ ಹೊಗೆಸೊಪ್ಪಿನ ನಿಕೋಟಿನ್ ಕೂಡ ಹಾಲಿಗೆ ಇಳಿಯುತ್ತದೆ, ಆದ್ದರಿಂದ ಅದನ್ನೂ ಹೇಳಬೇಕು. ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆಗಳ ವರದಿ ನೋಡಿ ಲಿಖಿತ ಒಪ್ಪಿಗೆ ಪಡೆಯುತ್ತಾರೆ. ಬಸುರಿಯಾಗಿದ್ದಾಗ ಮಾಡಿಸಿದ ಪರೀಕ್ಷೆಗಳ ಕಾಗದ ಜೊತೆಗಿರಲಿ. ಹಾಲುಣಿಸುವ ಮಗುವನ್ನು ಕಳೆದುಕೊಂಡ ತಾಯಿಯೂ ಬಯಸಿದರೆ ದಾನಿಯಾಗಬಹುದು, ಆದರೆ ಅವಳಾಗಿ ಕೇಳದೆ ಮನೆಯವರು ಒತ್ತಾಯಿಸುವುದು ಬೇಡ.

ಹಾಲು ಹಿಂಡುವಾಗ ಎಚ್ಚರ ಬೇಕಾಗುವುದು ಕೈ ಮತ್ತು ಪಾತ್ರೆಯ ವಿಷಯದಲ್ಲಿ. ಮಗು ಕುಡಿದು ತೃಪ್ತಿಯಾದ ಮೇಲೆ ಉಳಿದದ್ದನ್ನು ಹಿಂಡಿ. ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪಿನಿಂದ ತೊಳೆದು, ಶುಭ್ರವಾದ ಬಟ್ಟೆಯಿಂದ ಒರೆಸಿಕೊಳ್ಳಿ. ದಿನವೂ ಸ್ನಾನ ಮಾಡುತ್ತಿದ್ದರೆ ಪ್ರತಿ ಸಲ ಎದೆಗೆ ಸೋಪು ಹಚ್ಚಬೇಕಿಲ್ಲ, ಅದರಿಂದ ತೊಟ್ಟು ಒಣಗಿ ಬಿರಿಯುತ್ತದೆ. ಕೈಯಿಂದಲೇ ಹಿಂಡಬಹುದು, ಪಂಪ್ ಬಳಸುವುದಾದರೆ ಹಾಲು ತಾಗುವ ಭಾಗಗಳನ್ನು ಬಿಡಿಸಿ ತೊಳೆದು ಕುದಿಸಬೇಕು. ಬ್ಯಾಂಕ್ ಕೊಟ್ಟ ಡಬ್ಬಿಯನ್ನೇ ಬಳಸಿ, ಗಡ್ಡೆಕಟ್ಟುವಾಗ ಹಾಲು ಉಬ್ಬುವುದರಿಂದ ಮೇಲೆ ಸ್ವಲ್ಪ ಜಾಗ ಬಿಡಿ, ಹೆಸರು, ದಿನಾಂಕ, ಸಮಯ ಬರೆದು ಅಂಟಿಸಿ. ಡಬ್ಬಿಯನ್ನು ಫ್ರಿಜ್ಜಿನ ಒಳಗಿಡಿ, ಬಾಗಿಲಲ್ಲಿ ಇಡಬೇಡಿ, ಬಾಗಿಲು ತೆಗೆದಾಗಲೆಲ್ಲ ಬಿಸಿ ತಾಗುವ ಜಾಗ ಅದು. 24 ಗಂಟೆಯೊಳಗೆ ಬ್ಯಾಂಕಿಗೆ ತಲುಪಿಸಲಾಗದಿದ್ದರೆ ಫ್ರೀಜರಿಗೆ ಹಾಕಿ. ಹೆಪ್ಪುಗಟ್ಟಿದ ಹಾಲಿನ ಮೇಲೆ ಆಗತಾನೇ ಹಿಂಡಿದ್ದನ್ನು ಸುರಿಯಬಾರದು. ಒಯ್ಯುವಾಗ ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆ ಬೇಕು.

ಬ್ಯಾಂಕಿನಲ್ಲಿ ಹೇಗೂ ಬಿಸಿಮಾಡುತ್ತಾರಲ್ಲ, ಇಷ್ಟೊಂದು ಮಡಿ ಏಕೆ ಎಂದು ಕೇಳುವವರಿದ್ದಾರೆ. ಅಲ್ಲಿ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟು ಬೇಗನೆ ತಣಿಸುತ್ತಾರೆ. ಎಚ್‌ಐವಿಯಂಥ ವೈರಾಣು ಅಷ್ಟು ಬಿಸಿಗೆ ನಾಶವಾಗುತ್ತದೆ, ಆದರೆ ಬೆಸಿಲಸ್ ಜಾತಿಯ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಉಳಿದುಬಿಡುತ್ತವೆ. ಅದಕ್ಕೇ ಮಾದರಿ ತೆಗೆದು ಲ್ಯಾಬಿನಲ್ಲಿ ನೋಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದರೆ ಆ ಹಾಲು ಚರಂಡಿಗೆ. ಮನೆಯಲ್ಲಿ ತೊಳೆಯದ ಒಂದು ಪಂಪ್ ಹಲವು ತಾಯಂದಿರ ಹಾಲನ್ನು ಕೆಡಿಸಬಲ್ಲದು, ಏಕೆಂದರೆ ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಹಾಲನ್ನು ಒಟ್ಟಿಗೆ ಬೆರೆಸುತ್ತಾರೆ. ಬಿಸಿಗೆ ಸತ್ವವೆಲ್ಲ ಹೋಗುತ್ತದೆ ಎಂಬ ಆಕ್ಷೇಪ ಅರ್ಧ ನಿಜ. ಕೊಬ್ಬನ್ನು ಕರಗಿಸುವ ಕಿಣ್ವ ನಾಶವಾಗುತ್ತದೆ, ರೋಗನಿರೋಧಕ ಅಂಶಗಳಲ್ಲೂ ಒಂದಷ್ಟು ಕಡಿಮೆಯಾಗುತ್ತದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ಓಲಿಗೋಸ್ಯಾಕರೈಡ್‌ಗಳು ಉಳಿಯುತ್ತವೆ. ಮೇಲೆ ಹೇಳಿದ ಕೊಕ್ರೇನ್ ವಿಮರ್ಶೆಯ ಹೋಲಿಕೆಯಲ್ಲಿ ಮಕ್ಕಳ ಕರುಳನ್ನು ಕಾಪಾಡಿದ್ದರಲ್ಲಿ ಬಹುಪಾಲು ಹೀಗೆ ಬಿಸಿಮಾಡಿದ ಹಾಲೇ.

ಸ್ವಂತ ಮಗುವಿಗೆ ಕಡಿಮೆಯಾಗುತ್ತದೆ, ಬಾಣಂತಿ ಸೊರಗುತ್ತಾಳೆ ಎಂಬುದು ಮನೆಯ ಹಿರಿಯರ ಚಿಂತೆ. ಎದೆ ಖಾಲಿಯಾದಷ್ಟೂ ಹಾಲು ಊರುತ್ತದೆ. ಕಟ್ಟಿಕೊಂಡರೆ ಕಡಿಮೆಯಾಗುತ್ತದೆ, ಬಾವೂ ಬರುತ್ತದೆ. ಮಗುವಿನ ತೂಕ ಸರಿಯಾಗಿ ಏರುತ್ತಿದೆ ಎಂದು ವೈದ್ಯರು ಹೇಳಿದ ಮೇಲೆಯೇ ದಾನ ಮಾಡಿ. 100 ಮಿ.ಲೀ. ಹಾಲಿನಲ್ಲಿರುವುದು ಸುಮಾರು 65ರಿಂದ 70 ಕ್ಯಾಲೊರಿ, ದಿನಕ್ಕೊಂದು ಚಪಾತಿ ಹೆಚ್ಚು ತಿಂದರೆ ತುಂಬಿಕೊಳ್ಳುತ್ತದೆ. ಇಷ್ಟೇ ಸಾಕೇ ಎಂಬ ಸಂಕೋಚವೂ ಬೇಡ: ಒಂದು ಕಿಲೋ ತೂಕದ ಕೂಸಿಗೆ ಮೊದಲ ದಿನ ಕೊಡುವುದು ಸುಮಾರು 10ರಿಂದ 20 ಮಿ.ಲೀ. ಮಾತ್ರ. ಮುಸ್ಲಿಂ ಕುಟುಂಬಗಳ ಪ್ರಶ್ನೆ ಬೇರೆ ಬಗೆಯದು. ಒಬ್ಬಳ ಹಾಲುಂಡ ಮಕ್ಕಳು ಒಡಹುಟ್ಟಿದವರಂತಾಗಿ ಅವರ ನಡುವೆ ಮದುವೆ ನಿಷಿದ್ಧವಾಗುತ್ತದೆ ಎಂಬ ನಿಯಮವಿದೆ. ಈ ಕಾರಣಕ್ಕೇ 2024ರಲ್ಲಿ ಕರಾಚಿಯ ಬ್ಯಾಂಕೊಂದು ಕೆಲಸ ನಿಲ್ಲಿಸಿತು. ಈ ಆತಂಕವನ್ನು ತಳ್ಳಿಹಾಕುವುದು ತಪ್ಪು. ದಾನಿಯ ಗುರುತು ತಿಳಿಸಿ, ಹಾಲು ಬೆರೆಸದೆ ಕೊಡಲು ಸಾಧ್ಯವೇ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುಂಚೆಯೇ ಆಸ್ಪತ್ರೆಯವರನ್ನು ಕೇಳಿ.

ದಾನ ಶುರುವಾದ ಮೇಲೆ ಜ್ವರ ಬಂದರೆ, ಎದೆಯಲ್ಲಿ ಬಾವು ಕಂಡರೆ, ಹೊಸ ಮಾತ್ರೆ ಶುರುಮಾಡಿದರೆ ಹಿಂಡುವ ಮುಂಚೆ ಬ್ಯಾಂಕಿಗೆ ಫೋನ್ ಮಾಡಿ. ನಿಮ್ಮ ಹಾಲು ಬೇಡವೆಂದರೆ ಅದನ್ನು ನಿಮ್ಮ ಮಗುವಿಗೂ ಕುಡಿಸಬಾರದು ಎಂದು ತಿಳಿಯಬೇಡಿ. ತುಂಬು ತಿಂಗಳ ಮಗುವಿಗೆ ತೊಂದರೆ ಕೊಡದ ಎಷ್ಟೋ ಮಾತ್ರೆಗಳನ್ನು ಬ್ಯಾಂಕು ಒಪ್ಪುವುದಿಲ್ಲ. ವೈದ್ಯರನ್ನು ಕೇಳದೆ ಹಾಲುಣಿಸುವುದನ್ನು ನಿಲ್ಲಿಸಬೇಡಿ.