ತಲೆಗೆ ತಕ್ಕ ಹೆಲ್ಮೆಟ್



ಈಗ ಮಕ್ಕಳಿಗೆಂದೇ ಬ್ಯಾಟರಿಯ ಸಣ್ಣ ಬೈಕುಗಳು ಬಂದಿವೆ. ಮಣ್ಣಿನಲ್ಲಿ, ದಿಬ್ಬದಲ್ಲಿ ಓಡಿಸಲೆಂದು ಮಾಡಿದ್ದು. ಪೆಟ್ರೋಲ್ ಬೇಡ, ಮೊಬೈಲಿನ ಹಾಗೆ ಚಾರ್ಜ್ ಮಾಡಿದರೆ ಸಾಕು. ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ನಮ್ಮ ಮಾವನ ಮಗ ಒಂದನ್ನು ತಂದಿದ್ದ. ನಮ್ಮ ಕಣದಲ್ಲಿ ಓಡಿಸಿದೆವು. ಸದ್ದೇ ಇಲ್ಲ, ಹತ್ತಿರ ಬರೋವರೆಗೆ ಕೋಳಿಗಳಿಗೂ ಗೊತ್ತಾಗಲಿಲ್ಲ! ಸದ್ದಿಲ್ಲ ಅಂತ ಅದು ಸಾಧು ಅಂದ್ಕೋಬಾರದು. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಜೋರು ಎಳೆತ ಇರುತ್ತದೆ. ಕೈಹಿಡಿಯನ್ನು ಪಟಕ್ಕನೆ ತಿರುವಿದರೆ ಬೈಕು ಮುಂದೆ, ನಾವು ನೆಲದ ಮೇಲೆ.

ನನ್ನ ತಮ್ಮನಿಗೆ ಅಪ್ಪನ ಹೆಲ್ಮೆಟ್ ಹಾಕಿದರು. ಅವನು ಎಡಕ್ಕೆ ತಿರುಗಿದರೆ ಹೆಲ್ಮೆಟ್ ಮುಂದಕ್ಕೇ ನೋಡುತ್ತಿತ್ತು. ಎಲ್ಲರೂ ನಕ್ಕೆವು. ಅಜ್ಜಿ ಮಾತ್ರ ನಗಲಿಲ್ಲ. "ಮೊದಲು ಇಳಿ ನೀನು" ಅಂದಳು. ಅಜ್ಜಿ ಮಾಡಿದ್ದೇ ಸರಿ. ದೊಡ್ಡವರ ಹೆಲ್ಮೆಟ್ ಬಿದ್ದಾಗ ಜಾರುತ್ತದೆ, ಇಲ್ಲವೇ ಕಳಚಿ ಹೋಗುತ್ತದೆ.

ಹೆಲ್ಮೆಟ್ ಆರಿಸುವ ಕ್ರಮ ಹೀಗಿದೆ. ಹುಬ್ಬಿನಿಂದ ಒಂದು ಬೆರಳು ಮೇಲೆ ನೂಲು ಸುತ್ತಿ, ಹಿಂದೆ ತಲೆ ಉಬ್ಬಿರುವ ಕಡೆಯಿಂದ ತಂದು ಸ್ಕೇಲಿನ ಮೇಲೆ ಇಡಬೇಕು. ನನ್ನ ತಲೆ 53 ಸೆಂ.ಮೀ., ಅಪ್ಪನದು 58. ಹೆಲ್ಮೆಟಿನ ಮೇಲೆ 580 ಎಂದಿದ್ದರೆ ಅದು ಮಿಲಿಮೀಟರ್, ಅಂದರೆ 58 ಸೆಂ.ಮೀ. ಐ.ಎಸ್.ಐ. ಗುರುತು ಮತ್ತು ಐ.ಎಸ್. 4151 ಎಂಬ ಸಂಖ್ಯೆ ಇದೆಯೋ ನೋಡಿ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಅಲುಗಬೇಕು. ಗಲ್ಲದ ಪಟ್ಟಿ ಬಿಗಿಯದೆ ಹಾಕಿಕೊಂಡರೆ ಹಾಕಿಕೊಳ್ಳದ ಹಾಗೇ. ಮುಂದಿನ ವರ್ಷಕ್ಕೂ ಆಗಲಿ ಅಂತ ಅಂಗಿಯಂತೆ ದೊಡ್ಡದು ತರಬಾರದು. ಮಣ್ಣಿನಲ್ಲಿ ಮುಖ ಅಡಿಯಾಗಿ ಬೀಳುವುದೂ ಉಂಟು, ಆದ್ದರಿಂದ ಗಲ್ಲ ಮುಚ್ಚುವ ಹೆಲ್ಮೆಟೇ ಬೇಕು. ಒಳಗಿನ ಥರ್ಮೋಕೋಲ್ ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಹೊರಗೆ ಚೆನ್ನಾಗಿ ಕಂಡರೂ ಜೋರಾಗಿ ಬಿದ್ದ ಹೆಲ್ಮೆಟನ್ನು ಮತ್ತೆ ಹಾಕಬಾರದು.

ಬೀಳುವಾಗ ನಾವು ಮೊದಲು ಕೈ ಊರುತ್ತೇವೆ, ಅದಕ್ಕೆ ಕೈಗವಸು. ಮೊಣಕಾಲು, ಮೊಣಕೈ ಗಾರ್ಡ್ ಕಟ್ಟಿ ಕುಕ್ಕರಗಾಲಿನಲ್ಲಿ ಕೂತು ಏಳಿ, ಜಾರಿದರೆ ಅಳತೆ ಸರಿಯಿಲ್ಲ. ಹವಾಯಿ ಚಪ್ಪಲಿ ಬೇಡವೇ ಬೇಡ. ಶಾಲೆಯಲ್ಲಿ ಕೊಡುವ ಕಪ್ಪು ಶೂ ಸಹ ಹರಡಿನ ಕೆಳಗೇ ನಿಲ್ಲುತ್ತದೆ, ಹರಡು ಮುಚ್ಚುವ ಶೂ ಬೇಕು. ನಮ್ಮ ಕಡೆ ಹೋರಿ ಹಬ್ಬದಲ್ಲಿ ಹೋರಿಗೆ ಬಲೂನು, ಕೊಬ್ಬರಿ ಹಾರ ಕಟ್ಟುತ್ತಾರಲ್ಲ, ಅದು ಅಂದಕ್ಕೆ. ಇದು ಅಂದಕ್ಕಲ್ಲ. ದುಡ್ಡು ಕಡಿಮೆ ಇದ್ದರೆ ಬಣ್ಣದ ಜಾಕೆಟ್ ಬಿಟ್ಟು ಮೊದಲು ಹೆಲ್ಮೆಟ್ ತನ್ನಿ. ತುಂಬುತೋಳಿನ ಅಂಗಿ, ದಪ್ಪ ಪ್ಯಾಂಟ್ ಮನೆಯಲ್ಲೇ ಇರುತ್ತವೆ.

ಎಲ್ಲ ಹಾಕಿಕೊಂಡ ಮೇಲೆ ಏನೂ ಆಗಲ್ಲ ಅನ್ನುವಂತೆಯೂ ಇಲ್ಲ. ಬೆಂಗಳೂರಿನ ಶ್ರೇಯಸ್ ಹರೀಶ್ ಎಂಬ ಬಾಲಕ ದೊಡ್ಡ ಬೈಕ್ ರೇಸುಗಾರ. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ರೇಸಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಅಂಥ ರೇಸಿಗೆ ಹೆಲ್ಮೆಟ್ ಇಲ್ಲದೆ ಯಾರನ್ನೂ ಬಿಡುವುದಿಲ್ಲ. ಅವನಿಗೆ 13 ವರ್ಷ, ನನಗೂ ಅಷ್ಟೇ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಸೊರಬ ರಸ್ತೆಗಾಗಲಿ ಶಿಕಾರಿಪುರ ರಸ್ತೆಗಾಗಲಿ ಈ ಬೈಕು ತರಲೇಬೇಡಿ, ಇದು ಕಣಕ್ಕೆ, ಬಯಲಿಗೆ ಮಾತ್ರ. ರಸ್ತೆಯಲ್ಲಿ ಮಕ್ಕಳು ಮೋಟಾರು ಬೈಕು ಓಡಿಸಿ ತಪ್ಪು ಮಾಡಿದರೆ 2019ರ ತಿದ್ದುಪಡಿಯಂತೆ ಅಪ್ಪ ಅಮ್ಮನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಅಪ್ಪನ ಬೈಕಿನ ಹಿಂದೆ ಕೂರುವಾಗಲೂ 4 ವರ್ಷ ದಾಟಿದ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ಬೈಕ್ ಇಲ್ಲದವರೂ ಅಳತೆ ತಿಳಿದುಕೊಳ್ಳಿ.

ನೂಲಿನ ಉಂಡೆ, ಸ್ಕೇಲು ನಮ್ಮ ತರಗತಿಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಊಟದ ಬಿಡುವಿನಲ್ಲಿ ಬಂದರೆ ಅಳೆದು ಚೀಟಿಯಲ್ಲಿ ಬರೆದು ಕೊಡುತ್ತೇನೆ.